ಹಾಸ್ಟೆಲಿಗೆ ಕಮಾನು ಬೇಡ, ಬಚ್ಚಲುಮನೆ ಬೇಕು

ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಡಿ. ದೇವರಾಜ ಅರಸು ಓದಿದ್ದು ಮೈಸೂರಿನ ಅರಸು ಬೋರ್ಡಿಂಗ್ ಶಾಲೆಯಲ್ಲಿ. ಊರು ಬಿಟ್ಟು ಬಂದ ಹುಡುಗನಿಗೆ ಒಂದು ಸೂರು, ಎರಡು ಹೊತ್ತಿನ ಊಟ ಎಷ್ಟು ದೊಡ್ಡದೆಂಬುದು ಅವರು ಉಂಡು ಅರಿತ ಸತ್ಯ. ಮುಖ್ಯಮಂತ್ರಿಯಾದ 1972ರಲ್ಲೇ ಹಿಂದುಳಿದ ವರ್ಗಗಳ ಸ್ಥಿತಿ ಅರಿಯಲು ಹಾವನೂರು ಆಯೋಗ ನೇಮಿಸಿದರು. ಆ ವರ್ಗಗಳ ಮಕ್ಕಳ ಹಾಸ್ಟೆಲುಗಳು ಅವರ ಕಾಲದಲ್ಲಿ ಬೆಳೆದವು. ಅದಕ್ಕೂ ಮೊದಲೇ, 1941ರಲ್ಲಿ, ಸುತ್ತೂರು ಮಠದ ರಾಜೇಂದ್ರ ಸ್ವಾಮೀಜಿ ಮೈಸೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯ ತೆರೆದಿದ್ದರು.

ಸರ್ಕಾರ, ಮಠ, ಜನಾಂಗದ ಸಂಘಗಳು ಹೀಗೆ ಕಟ್ಟಿದ ಎಷ್ಟೋ ನಿಲಯಗಳಿಗೆ ಈಗ ಅರ್ಧ ಶತಮಾನ ದಾಟಿದೆ. ದುರಸ್ತಿಯ ಮಾತು ಬಂದಾಗ ಮೊದಲು ಏಳುವುದು ಹೆಬ್ಬಾಗಿಲ ಕಮಾನು, ಅದರ ಮೇಲೆ ದಾನಿಗಳ ಹೆಸರು. ಮಕ್ಕಳು ಉಳಿಯುವುದು ಕಮಾನು ನೋಡಿ ಅಲ್ಲ. ಬೆಳಗ್ಗೆ ಆರಕ್ಕೆ ನಲ್ಲಿಯಲ್ಲಿ ನೀರು ಬರುತ್ತದೆಯೇ, ಬಚ್ಚಲಿಗೆ ಚಿಲಕ ಇದೆಯೇ, ರಾತ್ರಿ ಹನ್ನೊಂದಕ್ಕೆ ಕೂತು ಓದಲು ಬೆಳಕಿದೆಯೇ ಎಂಬುದನ್ನು ನೋಡಿ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಲೆಕ್ಕ ಇನ್ನೂ ಬಿಗಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅವರಿಗೆ ಬಸ್ಸಿನ ಖರ್ಚಿಲ್ಲ. ಹುಣಸೂರಿನಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್, ಕೆ.ಆರ್. ನಗರದಿಂದ ಇನ್ನೂ ಹತ್ತಿರ. ಸೋರುವ ಕೋಣೆಗಿಂತ ದಿನಾ ಓಡಾಡುವುದೇ ಮೇಲು ಎಂದು ಮನೆಯವರು ತೀರ್ಮಾನಿಸಿದರೆ ತಪ್ಪೇನು? ಆದರೆ ಎಚ್.ಡಿ. ಕೋಟೆಯ ಡಿ.ಬಿ. ಕುಪ್ಪೆಯಂಥ ಕಾಡಂಚಿನ ಊರಿನ ಹುಡುಗಿಗೆ ಆ ದಾರಿಯೂ ಇಲ್ಲ. ಆನೆ ಓಡಾಡುವ ಹಾದಿಯಲ್ಲಿ ಕತ್ತಲಾದ ಮೇಲೆ ಮನೆ ಸೇರುವುದು ಹೇಗೆ? ಜೇನುಕುರುಬರ ಹಾಡಿಯಿಂದ ಕಾಲೇಜಿನವರೆಗೆ ಬಂದವಳಿಗೆ ಹಾಸ್ಟೆಲ್ ಮಂಚ ತಪ್ಪಿದರೆ ಓದೇ ತಪ್ಪುತ್ತದೆ.

ಇನ್ನೊಂದು ಸಂಗತಿ ಹೊಗೆಸೊಪ್ಪಿನದು. ಹುಣಸೂರು, ಪಿರಿಯಾಪಟ್ಟಣದ ಕಡೆ ಸೊಪ್ಪು ಹದ ಮಾಡುವ ಬ್ಯಾರನ್‌ಗೆ ಬೆಂಕಿ ಹಾಕಿದರೆ ಹಗಲು ರಾತ್ರಿ ಕಾವು ನೋಡಿಕೊಳ್ಳಬೇಕು. ಊರಲ್ಲಿರುವ ಮಗನ ಕೈಯೂ ಆ ಕೆಲಸಕ್ಕೆ ಬೇಕಾಗುತ್ತದೆ. ತರಗತಿ ನಡೆಯುವ ತಿಂಗಳುಗಳೂ ಅವೇ. ಆಗ ಪುಸ್ತಕ ಬಿಡದಂತೆ ಹಿಡಿದಿಡುವ ಜಾಗ ಹಾಸ್ಟೆಲ್ ಒಂದೇ.

ಹಾಗಾದರೆ ದುರಸ್ತಿ ಎಲ್ಲಿಂದ ಶುರುವಾಗಬೇಕು? ಸೂರಿನಿಂದ. ಹೆಂಚು ಕೈಯಾಡಿಸಿ, ಒಡೆದದ್ದನ್ನು ಬದಲಿಸಿ, ಗೆದ್ದಲು ಹತ್ತಿದ ರೀಪರು ತೆಗೆಯಬೇಕು. ಗಾರೆಯ ಹಳೇ ಗೋಡೆಗೆ ಸಿಮೆಂಟು ಮೆತ್ತಿದರೆ ತೇವ ಒಳಗೇ ಉಳಿದು ಗೋಡೆ ಉದುರುತ್ತದೆ. ಅಲ್ಲಿಗೆ ಸುಣ್ಣದ ಗಾರೆಯೇ ಸರಿ. ಎರಡು ಬಲ್ಬಿಗೆಂದು ಎಳೆದ ತಂತಿ ಇಂದಿನ ಮೊಬೈಲು, ಲ್ಯಾಪ್‌ಟಾಪಿನ ಹೊರೆ ತಡೆಯದು, ಅದನ್ನು ಪೂರ್ತಿ ಬದಲಿಸಬೇಕು. ಆಮೇಲೆ ಬಚ್ಚಲು, ಅಡುಗೆಮನೆ, ಓದುವ ಕೋಣೆ. ಬಣ್ಣ ಕೊನೆಗೆ.

ಹಣದ ಮಾತಿಗೆ ಅಮೆರಿಕದ ಕಾಲೇಜುಗಳನ್ನು ನೋಡಬಹುದು. ಅಲ್ಲಿನ ಫ್ರಟರ್ನಿಟಿ ಎಂಬ ವಿದ್ಯಾರ್ಥಿ ಕೂಟಗಳ ಹಳೇ ಮನೆಗಳನ್ನು ಎಷ್ಟೋ ಕಡೆ ಹಿಂದೆ ಅಲ್ಲಿ ಇದ್ದು ಓದಿದವರೇ ದುಡ್ಡು ಕೂಡಿಸಿ ರಿಪೇರಿ ಮಾಡಿಸುತ್ತಾರೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಎಂಬ ನಮ್ಮ ನಾಲ್ಕು ತಾಲ್ಲೂಕುಗಳಿಂದ ಹೋಗಿ, ಹಾಸ್ಟೆಲಿನ ಮುದ್ದೆ ಸಾರು ಉಂಡು ಮೇಷ್ಟ್ರು, ಎಂಜಿನಿಯರು, ತಹಶೀಲ್ದಾರರಾದವರು ಕಡಿಮೆಯೇ? ಅವರು ಹಣದ ಜೊತೆ ವರ್ಷಕ್ಕೆರಡು ಭಾನುವಾರ ಕೊಟ್ಟರೂ ಸಾಕು: ಯಾವ ಪರೀಕ್ಷೆಗೆ ಅರ್ಜಿ ಹಾಕಬೇಕು, ಸ್ಕಾಲರ್‌ಶಿಪ್ ಎಲ್ಲಿ ನಿಂತಿದೆ ಎಂದು ಹೇಳುವ ಅಣ್ಣನೊಬ್ಬ ಸಿಗುತ್ತಾನೆ.

ಜನಾಂಗದ ಸಂಘಗಳು ಇನ್ನೊಂದು ಹೆಜ್ಜೆ ಇಡಬೇಕು. ಹೊಸದಾದ ನಿಲಯದಲ್ಲಿ ಕೆಲವು ಮಂಚಗಳನ್ನಾದರೂ ಬೇರೆ ಜಾತಿಯ ಮಕ್ಕಳಿಗೆ, ಮುಖ್ಯವಾಗಿ ಹಾಡಿಯ ಮಕ್ಕಳಿಗೆ, ಮೀಸಲಿಡಲಿ. ಅದನ್ನು ಬೈಲಾದಲ್ಲೇ ಬರೆಯಲಿ, ಮುಂದಿನ ಜೂನ್‌ನ ದಾಖಲಾತಿಗೆ ಮೊದಲೇ.