ಡ್ಯಾಮಿಗೆ ನೀರೆಷ್ಟು ಬಂತು?

ಇಬ್ಬರು ಆಂಗ್ಲರು ಎದುರುಬದುರಾದರೆ ಮೊದಲು ಹವೆಯ ಮಾತನ್ನೇ ಎತ್ತುತ್ತಾರೆಂಬುದು ಹಳೆಯ ವಿನೋದ. ಇದರಲ್ಲಿ ಅವರ ತಪ್ಪೇನೂ ಇಲ್ಲ. ಬೆಳಿಗ್ಗೆ ಎಳೆಬಿಸಿಲು, ಹತ್ತು ಗಂಟೆಗೆ ಮೋಡ, ಮಧ್ಯಾಹ್ನ ತುಂತುರು, ಸಂಜೆಗೆ ಮತ್ತೆ ಹೊಂಬಿಸಿಲು. ಹೀಗೆ ಒಂದೇ ದಿನದಲ್ಲಿ ನಾಲ್ಕು ವೇಷ ಕಟ್ಟುವ ಆಕಾಶದ ಕೆಳಗೆ ಬಾಳುವವರು ಮತ್ತಾವ ವಿಷಯವನ್ನು ತಾನೇ ಮಾತನಾಡಿಯಾರು? ನಮ್ಮಲ್ಲಿ ಕುಶಲಪ್ರಶ್ನೆ "ಊಟವಾಯಿತೇ?" ಎಂಬುದರಿಂದ ಮೊದಲಾಗುತ್ತದೆ. ಆದರೆ ಆಷಾಢ, ಶ್ರಾವಣ ಮಾಸಗಳಲ್ಲಿ ಹೊಸಪೇಟೆಯ ಯಾವುದಾದರೊಂದು ಹೋಟೆಲಿನಲ್ಲಿ ಅರ್ಧ ಗಂಟೆ ಕುಳಿತು ನೋಡಿ. ಪಕ್ಕದ ಮೇಜಿನವರು ಊಟದ ಮಾತನ್ನು ಬಿಟ್ಟು, "ಏನ್ರೀ, ಡ್ಯಾಮಿಗೆ ನೀರೆಷ್ಟು ಬಂತಂತ್ರೀ?" ಎಂದು ಕೇಳುತ್ತಿರುತ್ತಾರೆ. ಹೊರಗೆ ಆಕಾಶದಲ್ಲಿ ಮೋಡವಿದೆಯೇ ಇಲ್ಲವೇ ಎಂದು ಯಾರೂ ಕತ್ತೆತ್ತಿ ನೋಡುವುದಿಲ್ಲ.

ಹವಾಮಾನದ ವಿಷಯದಲ್ಲಿ ಈ ಸೀಮೆಯ ಬಾಳೇ ಒಂದು ವಿಚಿತ್ರ. ಲಂಡನ್ ನಗರದಲ್ಲಿ ವರ್ಷವೊಂದಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರು. ಬಳ್ಳಾರಿ, ಹೊಸಪೇಟೆಗಳ ಸುತ್ತಿನಲ್ಲಿ ಬೀಳುವುದೂ ಹೆಚ್ಚುಕಡಿಮೆ ಅಷ್ಟೇ, 500ರಿಂದ 650ರೊಳಗೆ. ಕೇಳಿದವರು ಬೆರಗಾಗಬಹುದು. ಅಲ್ಲಿ ಕೊಡೆಯಿಲ್ಲದೆ ಹೊರಡುವವನು ಹುಂಬನೆನಿಸಿಕೊಳ್ಳುತ್ತಾನೆ. ಇಲ್ಲಿ ಕೊಡೆ ಬಿಚ್ಚಿದರೆ ಅದು ಬಹುಮಟ್ಟಿಗೆ ಬಿಸಿಲಿಗೆ. ವ್ಯತ್ಯಾಸವಿರುವುದು ಮಳೆಯ ಮೊತ್ತದಲ್ಲಲ್ಲ, ಅದು ಬರುವ ರೀತಿಯಲ್ಲಿ. ಸುತ್ತ ಸಮುದ್ರವಿರುವ ಆ ದ್ವೀಪಕ್ಕೆ ಪಡುವಣ ಗಾಳಿ ವರ್ಷವಿಡೀ ತೇವವನ್ನು ಹೊತ್ತು ತರುತ್ತದೆ. ನೂರಕ್ಕೂ ಹೆಚ್ಚು ದಿನಗಳಲ್ಲಿ, ಹನ್ನೆರಡು ತಿಂಗಳಿಗೂ ಸಮನಾಗಿ ಹಂಚಿದಂತೆ, ಅದು ಸೋನೆಯಾಗಿ ಬೀಳುತ್ತದೆ. ಸೂರ್ಯನ ತಾಪವೂ ಅಲ್ಲಿ ಕಡಿಮೆಯಾದ್ದರಿಂದ ಬಿದ್ದ ನೀರು ನೆಲದಲ್ಲಿ ಉಳಿಯುತ್ತದೆ. ನಮ್ಮಲ್ಲಿಯೋ, ಅಷ್ಟೇ ನೀರು ಕೆಲವೇ ವಾರಗಳಲ್ಲಿ ಧುಮುಕಿ ಹೋಗುತ್ತದೆ. ಉಳಿದ ತಿಂಗಳುಗಳಲ್ಲಿ ಬಿಸಿಲು ತನ್ನ ಪಾಲನ್ನು ವಸೂಲು ಮಾಡಿಕೊಳ್ಳುತ್ತದೆ.

ಬೇಸಿಗೆಯಿಂದಲೇ ಆರಂಭಿಸೋಣ. ಚೈತ್ರ ಕಳೆದು ವೈಶಾಖ ಹೊಕ್ಕಿತೆಂದರೆ ಹಂಪಿಯ ಬಂಡೆಗಳು ಹೊತ್ತೇರುವ ಮುನ್ನವೇ ಕಾಯತೊಡಗುತ್ತವೆ. ಉಷ್ಣಮಾನ 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಹಗಲೆಲ್ಲ ಕುಡಿದ ಬಿಸಿಲನ್ನು ಬಂಡೆ ರಾತ್ರಿಯೆಲ್ಲ ಉಗುಳುತ್ತದೆ. ಒಂದರ ಮೇಲೊಂದು ಪೇರಿಸಿಟ್ಟಂತಿರುವ ಆ ಹೆಬ್ಬಂಡೆಗಳನ್ನು ಯಾವ ದೈತ್ಯನೂ ತಂದಿಟ್ಟದ್ದಲ್ಲ. ಸೀಳುಗಳಲ್ಲಿ ಇಳಿದ ನೀರು, ಬಿಸಿಲು ಮತ್ತು ತಂಪು ಕೋಟ್ಯಂತರ ವರ್ಷಗಳ ಕಾಲ ಮೂಲೆಗಳನ್ನು ಸವೆಸಿ ಅವುಗಳಿಗೆ ಆ ದುಂಡನೆಯ ರೂಪವನ್ನು ಕೊಟ್ಟಿವೆ. ಹಂಪಿಯ ಮೊದಲ ಶಿಲ್ಪಿ ಹವಾಮಾನವೇ ಎಂದರೆ ತಪ್ಪಾಗದು.

ಮೇ ತಿಂಗಳ ಕೊನೆಗೆ ರೋಹಿಣಿ ಹೂಡುತ್ತದೆ. "ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ" ಎಂಬ ಗಾದೆಯನ್ನು ನೆನೆದು ರೈತ ಮುಗಿಲಿನತ್ತ ನೋಡುತ್ತಾನೆ. ಒಂದೆರಡು ಗುಡುಗಿನ ಮಳೆ ಬಿದ್ದರೆ ಬಿತ್ತು. ಮೃಗಶಿರಾ, ಆರಿದ್ರಾ ಬಂದಾಗ ಗಾಳಿಯೇನೋ ಭರ್ರನೆ ಬೀಸುತ್ತದೆ. ಮೋಡಗಳೂ ಪೂರ್ವಕ್ಕೆ ಓಡುತ್ತವೆ. ಹನಿ ಮಾತ್ರ ಅಪರೂಪ. ಅರಬ್ಬೀ ಸಮುದ್ರದಿಂದ ಬಂದ ಆ ಗಾಳಿ ಸಹ್ಯಾದ್ರಿಯನ್ನು ಏರುವಾಗಲೇ ತನ್ನ ಹೊರೆಯನ್ನು ಇಳಿಸಿರುತ್ತದೆ. ಆಗುಂಬೆಗೆ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಸುರಿದದ್ದು ಬಯಲುಸೀಮೆಗೆ ಬರುವ ಹೊತ್ತಿಗೆ ಬರಿಯ ಗಾಳಿಯಾಗಿರುತ್ತದೆ. ಮಳೆಗಾಲ ಮುಗಿಯಲೆಂದು ಶ್ರೀರಾಮ ಕಾದು ಕುಳಿತದ್ದು ಹಂಪಿಯ ಬಳಿಯ ಮಾಲ್ಯವಂತ ಗುಡ್ಡದಲ್ಲಿ ಎಂದು ಸ್ಥಳದವರ ನಂಬಿಕೆ. ಅದೇ ಗುಡ್ಡದ ಸುತ್ತಿನ ರೈತರು ಈಗ ಮಳೆ ಬರಲೆಂದು ಕಾಯುತ್ತಾರೆ!

ಆದರೆ ಗಾಳಿ ಇಳಿಸಿದ ಹೊರೆ ಎಲ್ಲಿಗೆ ಹೋಯಿತು? ಶೃಂಗೇರಿ, ತೀರ್ಥಹಳ್ಳಿಗಳ ಕಡೆ ಬಿದ್ದ ಮಳೆ ತುಂಗೆಯನ್ನು ಸೇರುತ್ತದೆ. ಭದ್ರೆಯೂ ಅದೇ ಮಲೆನಾಡಿನ ನೀರನ್ನು ತರುತ್ತಾಳೆ. ಕೂಡಲಿಯಲ್ಲಿ ಎರಡೂ ಒಂದಾಗಿ ಹೊಸಪೇಟೆಯ ದಾರಿ ಹಿಡಿಯುತ್ತವೆ. ಗಾಳಿ ನಮಗೆ ಕೊಡದೆ ಹೋದದ್ದನ್ನು ನದಿ ತಂದು ಕೊಡುತ್ತದೆ. ಹೋಟೆಲಿನ ಆ ಪ್ರಶ್ನೆಯ ಮರ್ಮವಿದು. ನಮ್ಮ ಮಳೆಗಾಲ ನಮ್ಮ ತಲೆಯ ಮೇಲೆ ನಡೆಯುವುದಿಲ್ಲ. ಇನ್ನೂರು ಕಿಲೋಮೀಟರಿಗೂ ಆಚೆ ನಡೆಯುತ್ತದೆ.

ಆದ್ದರಿಂದಲೇ ಇಲ್ಲಿ ಬಿಸಿಲಿನಲ್ಲೂ ಪ್ರವಾಹ ಬರುವುದುಂಟು. ಅಣೆಕಟ್ಟೆಯಿಂದ ಲಕ್ಷಾಂತರ ಕ್ಯೂಸೆಕ್ ನೀರು ಹೊರಬಿದ್ದಾಗ ಹಂಪಿಯ ಪುರಂದರ ಮಂಟಪ ಮುಳುಗುತ್ತದೆ. ಕಂಪ್ಲಿಯಲ್ಲಿ ಗಂಗಾವತಿಗೆ ಹೋಗುವ ಸೇತುವೆಯ ಮೇಲೆ ನೀರು ಹರಿದು ಸಂಚಾರ ನಿಲ್ಲುತ್ತದೆ. ಕೋಟೆಯ ಭಾಗದ ಮನೆಮಂದಿ ಪಾತ್ರೆಪಗಡಗಳನ್ನು ಹೊತ್ತು ಎತ್ತರದ ಜಾಗ ಹುಡುಕುತ್ತಾರೆ. 2019ರ ಆಗಸ್ಟಿನಲ್ಲಿ ವಿರೂಪಾಪುರ ಗಡ್ಡೆಯಲ್ಲಿ ಸಿಕ್ಕಿಬಿದ್ದ ನೂರಾರು ಪ್ರವಾಸಿಗಳನ್ನು ದೋಣಿ, ಹೆಲಿಕಾಪ್ಟರುಗಳಿಂದ ಪಾರುಮಾಡಬೇಕಾಯಿತು.

ನಮ್ಮದೇ ಮಳೆಯೆಂಬುದು ಬರುವುದು ಹೊತ್ತು ಮೀರಿ, ಉತ್ತರೆ, ಹಸ್ತಗಳಲ್ಲಿ. ಸೆಪ್ಟೆಂಬರೇ ಇಲ್ಲಿ ಹೆಚ್ಚು ಮಳೆಯ ತಿಂಗಳು. ಆಗ ಸಂಡೂರಿಗೆ ಹೋಗಬೇಕು. 3,000 ಅಡಿಗೂ ಎತ್ತರವಾದ ಆ ಗುಡ್ಡಗಳು ಮೋಡವನ್ನು ತಡೆದು ನಿಲ್ಲಿಸುವುದರಿಂದ ಅಲ್ಲಿ ಬಯಲಿಗಿಂತ ಮಳೆ ಹೆಚ್ಚು. ಕುಮಾರಸ್ವಾಮಿಯ ಗುಡಿಯ ದಾರಿಯುದ್ದಕ್ಕೂ ಹಸುರು ಕಣ್ಣು ತುಂಬುತ್ತದೆ. 1934ರಲ್ಲಿ ಸಂಡೂರಿಗೆ ಬಂದಿದ್ದ ಗಾಂಧೀಜಿಯವರು ಸೆಪ್ಟೆಂಬರಿನ ಸಂಡೂರನ್ನು ನೋಡಿರೆಂದು ಹೇಳಿದರೆಂಬ ಮಾತನ್ನು ಊರಿನವರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ಈ ಶತಮಾನದ ಮೊದಲ ದಶಕದಲ್ಲಿ ಅದಿರಿನ ಲಾರಿಗಳ ಕೆಂಪು ಧೂಳು ಆ ಹಸುರನ್ನು ಮುಚ್ಚಿತ್ತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಗಣಿಗಾರಿಕೆಗೆ ತಡೆಯೊಡ್ಡಬೇಕಾಯಿತು. ಹಸ್ತದ ಮಳೆ ಮುನಿದರೆ ಏನಾಗುವುದೆಂಬುದನ್ನೂ ಕಂಡಿದ್ದೇವೆ. 2009ರ ಅಕ್ಟೋಬರಿನ ಆರಂಭದಲ್ಲಿ ಬಂಗಾಳ ಕೊಲ್ಲಿಯ ಕಡೆಯಿಂದ ಬಂದ ಮಳೆ ಉತ್ತರ ಕರ್ನಾಟಕವನ್ನೆಲ್ಲ ತೋಯಿಸಿ, ಕೆಳಗಿನ ಮಂತ್ರಾಲಯವನ್ನೂ ಕರ್ನೂಲನ್ನೂ ಮುಳುಗಿಸಿತು. ಆಮೇಲಿನ ಚಳಿಗಾಲವನ್ನು ಕುರಿತು ಹೆಚ್ಚು ಹೇಳಬೇಕಾದದ್ದಿಲ್ಲ. ಅದು ಅತಿಥಿಯಂತೆ ಬಂದು, ಕಂಬಳಿಯನ್ನು ಪೂರ್ತಿ ಬಿಚ್ಚುವ ಮೊದಲೇ ಹೊರಟುಹೋಗುತ್ತದೆ.

ಬೇರೆಲ್ಲೋ ಬಿದ್ದ ಮಳೆಯನ್ನು ನಂಬಿ ಬಾಳುವ ಈ ಕಲೆ ಇಂದಿನದಲ್ಲ. ವಿಜಯನಗರದ ಅರಸರು ನದಿಗೆ ಅಡ್ಡಗಟ್ಟೆಗಳನ್ನು ಕಟ್ಟಿ ರಾಯ, ಬಸವಣ್ಣ, ಬೆಲ್ಲ, ತುರ್ತು ಮೊದಲಾದ ಕಾಲುವೆಗಳನ್ನು ಹರಿಸಿದರು. ಹಂಪಿಯ ಬಾಳೆತೋಟಗಳಿಗೂ ಕಂಪ್ಲಿಯ ಬತ್ತದ ಗದ್ದೆಗಳಿಗೂ ಆ ಕಾಲದ ಕಾಲುವೆಗಳು ಈಗಲೂ ನೀರುಣಿಸುತ್ತವೆ. ಸಾಮ್ರಾಜ್ಯ 1565ರ ಯುದ್ಧದೊಡನೆ ಕುಸಿಯಿತು. ಕಾಲುವೆ ಮಾತ್ರ ನಿಲ್ಲಲಿಲ್ಲ. 1945ರಲ್ಲಿ ತುಂಗಭದ್ರಾ ಅಣೆಕಟ್ಟೆಗೆ ಶಂಕುಸ್ಥಾಪನೆಯಾಗಿ, 1953ರಲ್ಲಿ ನೀರು ನಿಂತಿತು. ಎರಡು ತಿಂಗಳ ಮಳೆಯನ್ನು ಇಡೀ ವರ್ಷಕ್ಕೆ ಹಂಚುವ ಉಪಾಯವದು. ಆ ದ್ವೀಪಕ್ಕೆ ಪ್ರಕೃತಿಯೇ ಮಾಡಿಕೊಟ್ಟದ್ದನ್ನು ನಾವು ಕಲ್ಲು ಗಾರೆಗಳಿಂದ ಮಾಡಿಕೊಂಡೆವು.

ಮಾಡಿಕೊಂಡದ್ದನ್ನು ನೋಡಿಕೊಳ್ಳಲೂ ಬೇಕು. 2024ರ ಆಗಸ್ಟ್ 10ರ ರಾತ್ರಿ, ಆಶ್ಲೇಷ ಮಳೆಯ ದಿನಗಳಲ್ಲಿ, ಜಲಾಶಯ ತುಂಬಿ ನಿಂತಿದ್ದಾಗ, 33 ಗೇಟುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋಯಿತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ವರ್ಷದ ಬೆಳೆಯ ನೀರು ಕಣ್ಣೆದುರೇ ಹರಿದುಹೋಗುತ್ತಿದ್ದಾಗ ಸೀಮೆಯ ರೈತರಾರೂ ಕಣ್ಣು ಮುಚ್ಚಿ ಮಲಗಲಿಲ್ಲ. ಹರಿಯುವ ನೀರಿನ ನಡುವೆಯೇ ತಾತ್ಕಾಲಿಕ ಗೇಟನ್ನು ಇಳಿಸಿ ಒಂದು ವಾರದೊಳಗೆ ಹರಿವನ್ನು ತಡೆದ ಎಂಜಿನಿಯರರೂ ಕೆಲಸಗಾರರೂ ಅಂದು ಜನರ ಪಾಲಿಗೆ ದೇವರಾದರು. ಮಲೆನಾಡಿನ ಮಳೆಯೂ ಕೈಬಿಡದೆ ಜಲಾಶಯವನ್ನು ಮತ್ತೆ ತುಂಬಿಸಿತು.

ಪ್ರತಿ ವರ್ಷವೂ ಮಳೆ ಹೀಗೆ ಎರಡನೆಯ ಸಲ ಬಡಿಸೀತೆಂದು ನಂಬುವುದು ಜಾಣತನವಲ್ಲ. ಕಟ್ಟಿದಾಗ 133 ಟಿ.ಎಂ.ಸಿ. ಹಿಡಿಯುತ್ತಿದ್ದ ಜಲಾಶಯದಲ್ಲಿ ಹೂಳು ತುಂಬಿ, ಈಗ ಸುಮಾರು 105ಕ್ಕೆ ಇಳಿದಿದೆ. ಮಳೆ ಕಡಿಮೆಯಾದರೆ ದೇವರನ್ನು ದೂರುತ್ತೇವೆ, ಕತ್ತೆಗಳಿಗೆ ಮದುವೆ ಮಾಡಿಸುತ್ತೇವೆ. ಪಾತ್ರೆಯೇ ಚಿಕ್ಕದಾದರೆ ದೂರುವುದು ಯಾರನ್ನು? ಮುಂದಿನ ಶ್ರಾವಣದಲ್ಲಿ ಹೊಸಪೇಟೆಯ ಹೋಟೆಲಿನಲ್ಲಿ ಕಾಫಿ ಕುಡಿಯುವಾಗ ನೀರೆಷ್ಟು ಬಂತೆಂದು ಅವಶ್ಯ ಕೇಳೋಣ. ಲೋಟ ಕೆಳಗಿಡುವ ಮೊದಲು, ಅದರಲ್ಲಿ ಎಷ್ಟನ್ನು ಉಳಿಸಿಕೊಂಡೆವೆಂದೂ ಒಂದು ಮಾತು ಕೇಳಿದರೆ ಒಳ್ಳೆಯದು.