ಕಾಣೆಯಾದವರ ಪಾಸ್‌ಬುಕ್

ಮನೆಯವರೊಬ್ಬರು ಕಾಣೆಯಾಗಿದ್ದಾರೆ ಎಂದು ದೂರು ಕೊಡಲು ಠಾಣೆಗೆ ಹೋದರೆ, ಎತ್ತರ, ಮೈಬಣ್ಣ, ತೊಟ್ಟ ಬಟ್ಟೆ ಬರೆದುಕೊಂಡ ಮೇಲೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ. ಸಾಲ ಇತ್ತಾ? ಕುಡೀತಿದ್ರಾ? ಇಸ್ಪೀಟು, ಬೆಟ್ಟಿಂಗು ಏನಾದ್ರೂ? ಮನೇಲಿ ಜಗಳ ಆಗಿತ್ತಾ? ಬೇರೆ ಯಾರ ಜೊತೆಗಾದ್ರೂ ಸಂಬಂಧ? ಇವನ್ನೇ ಬೀದಿಯವರೂ ಕೇಳುತ್ತಾರೆ, ನೆಂಟರೂ ಕೇಳುತ್ತಾರೆ. ಪೊಲೀಸರು ಉತ್ತರಕ್ಕಾದರೂ ಕಾಯುತ್ತಾರೆ, ಅಷ್ಟೇ ವ್ಯತ್ಯಾಸ. ಪ್ರಶ್ನೆಗಳಲ್ಲಿ ತಪ್ಪೇನಿಲ್ಲ. ಹುಡುಕಲು ಹೊರಟವರ ಕೈಗೆ ಮೊದಲು ಸಿಗುವ ಎಳೆಗಳು ಇವೇ. ಆದರೆ ಆ ಎಳೆ ಹಿಡಿದು ಎಲ್ಲಿಯವರೆಗೆ ಹೋಗಬಹುದು, ಎಲ್ಲಿ ನಿಲ್ಲಬೇಕು ಎಂಬ ವಿವೇಚನೆ ನಮಗೆ ಕಡಿಮೆ. ಹಣದ ಲೆಕ್ಕ ಕಾಣೆಯಾದವರ ಹೆಜ್ಜೆಯನ್ನು ತೋರಿಸಬಲ್ಲದು, ಮನಸ್ಸನ್ನು ತೋರಿಸಲಾರದು ಎಂಬುದು ನನ್ನ ವಾದ. ಕಾಣೆಯಾದ ದಿನದ ನಂತರ ಖಾತೆಯಲ್ಲಿ ಬಿದ್ದ ಒಂದೇ ಒಂದು ಸಾಲಿಗೆ, ಅದಕ್ಕೆ ಹಿಂದಿನ ಹತ್ತು ವರ್ಷಗಳ ಜಮಾಖರ್ಚಿಗಿಂತ ಬೆಲೆ ಹೆಚ್ಚು. ನಾವು ನೋಡುವುದು ಮಾತ್ರ ಹಿಂದಿನದನ್ನೇ.

ಹಣದ ಜಾಡಿನಿಂದ ಮನುಷ್ಯ ಸಿಕ್ಕಿಬಿದ್ದ ಪ್ರಕರಣಗಳಲ್ಲಿ ಜಾನ್ ಸ್ಟೋನ್‌ಹೌಸ್‌ನದು ಪ್ರಸಿದ್ಧವಾದದ್ದು. ಬ್ರಿಟನ್ನಿನ ಲೇಬರ್ ಪಕ್ಷದ ಸಂಸದ, ಹೆರಾಲ್ಡ್ ವಿಲ್ಸನ್ ಸರಕಾರದಲ್ಲಿ ಅಂಚೆ ಖಾತೆ ನೋಡಿಕೊಂಡಿದ್ದವನು. 1974ರ ನವೆಂಬರ್ 20ರಂದು ಅಮೆರಿಕದ ಮಯಾಮಿಯ ಕಡಲತೀರದಲ್ಲಿ ಬಟ್ಟೆ ಬಿಚ್ಚಿಟ್ಟು ಮಾಯವಾದ. ಈಜಲು ಹೋಗಿ ಮುಳುಗಿದ ಎಂದೇ ಎಲ್ಲರೂ ತಿಳಿದರು. ಅವನೋ, ತನ್ನದೇ ಕ್ಷೇತ್ರದ ಸತ್ತ ಮತದಾರರಿಬ್ಬರ ಹೆಸರು ಹೊತ್ತು, ಅದರಲ್ಲೊಂದು ಹೆಸರಿನಲ್ಲಿ ಪಾಸ್‌ಪೋರ್ಟನ್ನೂ ಮಾಡಿಸಿಕೊಂಡು ಆಸ್ಟ್ರೇಲಿಯಾ ತಲುಪಿದ್ದ. ಮೆಲ್ಬರ್ನ್‌ನ ಒಂದು ಬ್ಯಾಂಕಿನಲ್ಲಿ ಒಂದು ಹೆಸರಿನಿಂದ ದೊಡ್ಡ ಮೊತ್ತದ ನಗದು ಕಟ್ಟಿದ. ಅದೇ ಮನುಷ್ಯ ಇನ್ನೊಂದು ಬ್ಯಾಂಕಿನಿಂದ ಹೊರಬರುವುದು ಮೊದಲ ಬ್ಯಾಂಕಿನ ಗುಮಾಸ್ತನ ಕಣ್ಣಿಗೆ ಬಿತ್ತು. ವಿಚಾರಿಸಿದರೆ ಆ ಬ್ಯಾಂಕಿನಲ್ಲಿ ಅವನ ಹೆಸರೇ ಬೇರೆ. ಪೊಲೀಸರಿಗೆ ಸುದ್ದಿ ಹೋಯಿತು, ಡಿಸೆಂಬರ್ 24ರಂದು ಬಂಧನವಾಯಿತು.

ಇದರಲ್ಲಿ ಇನ್ನೊಂದು ತಮಾಷೆಯಿದೆ. ಪೊಲೀಸರು ಅವನನ್ನು ಹಿಂಬಾಲಿಸಿದ್ದು ಸ್ಟೋನ್‌ಹೌಸ್ ಎಂದಲ್ಲ, ಲಾರ್ಡ್ ಲೂಕನ್ ಎಂಬ ಇನ್ನೊಬ್ಬ ಇಂಗ್ಲಿಷರವನು ಎಂದುಕೊಂಡು. ಲೂಕನ್ ಕಾಣೆಯಾದದ್ದೂ ಅದೇ ನವೆಂಬರಿನಲ್ಲಿ, ಅವನ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ದಾದಿಯ ಕೊಲೆಯಾದ ರಾತ್ರಿ. ಅವನ ತೊಡೆಯ ಮೇಲೆ ಗಾಯದ ಗುರುತಿತ್ತೆಂದು, ಸಿಕ್ಕವನ ಪ್ಯಾಂಟು ಇಳಿಸಿ ನೋಡಿದರಂತೆ. ಗುರುತು ಇರಲಿಲ್ಲ. ಹುಡುಕಿದ್ದು ಒಬ್ಬನನ್ನು, ಸಿಕ್ಕಿದ್ದು ಇನ್ನೊಬ್ಬ.

ಈ ಇಬ್ಬರ ಹಿಂದಿನ ಲೆಕ್ಕವನ್ನು ಎದುರುಬದುರಾಗಿ ಇಟ್ಟು ನೋಡಿ. ಸ್ಟೋನ್‌ಹೌಸ್‌ನ ಕಂಪನಿಗಳು ಮುಳುಗುತ್ತಿದ್ದವು, ಒಂದರ ಸಾಲವನ್ನು ಇನ್ನೊಂದರಿಂದ ಮುಚ್ಚುತ್ತಿದ್ದ. ಜೀವ ವಿಮೆ ಮಾಡಿಸಿದ್ದ. ಕಾರ್ಯದರ್ಶಿಯ ಜೊತೆ ಸಂಬಂಧವಿತ್ತು, ಮುಂದೆ ಆಕೆಯನ್ನೇ ಮದುವೆಯಾದ. ಲೂಕನ್ ಜೂಜುಕೋರ. ಲಂಡನ್ನಿನ ಕ್ಲರ್ಮಾಂಟ್ ಕ್ಲಬ್ಬಿನಲ್ಲಿ ಕಳೆದುಕೊಂಡದ್ದಕ್ಕೆ ಲೆಕ್ಕವಿಲ್ಲ. ಹೆಂಡತಿಯಿಂದ ಬೇರೆಯಾಗಿ, ಮಕ್ಕಳಿಗಾಗಿ ನ್ಯಾಯಾಲಯದಲ್ಲಿ ಹೋರಾಡಿ ಸೋತಿದ್ದ. ಬ್ಯಾಂಕುಗಳಿಗೆ ಬಾಕಿ ಬೇರೆ. ಕಾಣೆಯಾಗುವ ಮುನ್ನ ಅವನು ಬರೆದ ಕಾಗದಗಳಲ್ಲೊಂದರ ತಲೆಬರಹವೇ ಹಣಕಾಸಿನ ವಿಷಯ. ಹರಾಜಿನಲ್ಲಿ ಬರುವ ಹಣದಿಂದ ಯಾವ ಬ್ಯಾಂಕಿನ ಸಾಲ ತೀರಿಸಬೇಕು ಎಂಬ ವಿವರ ಅದರಲ್ಲಿತ್ತು. ಸಾಲ, ಮುರಿದ ಸಂಸಾರ, ಗುಟ್ಟು, ಎರಡೂ ಕಡೆ ಸಾಮಗ್ರಿ ಒಂದೇ ಬಗೆಯದು. ಒಬ್ಬ ಹೊಸ ಬದುಕು ಕಟ್ಟಿಕೊಳ್ಳಲು ಓಡಿದ. ಇನ್ನೊಬ್ಬ ಬದುಕಿ ಓಡಿದನೋ ಆ ರಾತ್ರಿಯೇ ಸತ್ತನೋ ಇವತ್ತಿಗೂ ತೀರ್ಮಾನವಾಗಿಲ್ಲ. ಅವನ ಮರಣ ಪ್ರಮಾಣಪತ್ರ ಸಿಕ್ಕಿದ್ದೇ 2016ರಲ್ಲಿ. ಹಿಂದಿನ ಲೆಕ್ಕವನ್ನಷ್ಟೇ ಕೈಗೆ ಕೊಟ್ಟು ಇಬ್ಬರಲ್ಲಿ ಯಾರು ಆಸ್ಟ್ರೇಲಿಯಾದಲ್ಲಿ ಸಿಗುತ್ತಾರೆ ಹೇಳಿ ಎಂದರೆ ಯಾವ ಜಾಣ ಹೇಳಿಯಾನು? ಸ್ಟೋನ್‌ಹೌಸ್‌ನನ್ನು ಹಿಡಿದುಕೊಟ್ಟದ್ದು ಹಳೆಯ ಸಾಲಗಳಲ್ಲ, ಕಾಣೆಯಾದ ಮೇಲೆ ಅವನು ಕಟ್ಟಿದ ಹಣ. 1976ರಲ್ಲಿ ಅವನಿಗೆ ಏಳು ವರ್ಷ ಸಜೆಯಾಯಿತು. ನ್ಯಾಯಾಲಯ ಲೆಕ್ಕಪತ್ರಗಳನ್ನು ಅಷ್ಟೆಲ್ಲ ಜಾಲಾಡಿದ ಮೇಲೂ, ಅಪ್ಪ ಯಾಕೆ ಹೋದ ಎಂದು ತನ್ನ ಕಡೆಯಿಂದ ವಿವರಿಸಲು ಮಗಳು 2021ರಲ್ಲಿ ಇಡೀ ಪುಸ್ತಕವನ್ನೇ ಬರೆಯಬೇಕಾಯಿತು.

ಇನ್ನು ಖಾಸಗಿ ಬದುಕು. 1926ರ ಡಿಸೆಂಬರ್ 3ರ ರಾತ್ರಿ ಪತ್ತೇದಾರಿ ಕಾದಂಬರಿಕಾರ್ತಿ ಅಗಾಥಾ ಕ್ರಿಸ್ಟಿ ಮನೆಯಿಂದ ಹೊರಟವರು ಸಿಗಲಿಲ್ಲ. ಕಾರು ಸರ್ರೆ ಪ್ರಾಂತದ ಗುಡ್ಡವೊಂದರ ಬಳಿ ಬಿದ್ದಿತ್ತು. ಊರಿಗೆ ಊರೇ ಪೊದೆಗಳನ್ನು ಜಾಲಾಡಿತು, ಕೊಳಗಳನ್ನು ಸೋಸಿದರು. ಗಂಡನಿಗೆ ಬೇರೊಬ್ಬಳ ಸಂಗವಿತ್ತು, ವಿಚ್ಛೇದನ ಕೇಳಿದ್ದ. ಅನುಮಾನ ಅವನ ಮೇಲೆ ಬಿತ್ತು. ಪುಸ್ತಕದ ಪ್ರಚಾರಕ್ಕೆ ಆಡಿದ ನಾಟಕ ಎಂದವರೂ ಇದ್ದರು. ಹನ್ನೊಂದು ದಿನಗಳ ಮೇಲೆ ಅವರು ಹ್ಯಾರೊಗೇಟ್‌ನ ಆರೋಗ್ಯಧಾಮದ ಹೋಟೆಲೊಂದರಲ್ಲಿ ಸಿಕ್ಕರು. ಅಲ್ಲಿನ ಪುಸ್ತಕದಲ್ಲಿ ಬರೆಸಿದ್ದ ಹೆಸರಿಗೆ ಜೋಡಿಸಿದ್ದು ನೀಲ್ ಎಂಬ ಅಡ್ಡಹೆಸರು. ಅದು ಗಂಡನ ಪ್ರೇಯಸಿಯದು. ಖಾಸಗಿ ಬದುಕಿನ ಅರಿವು ಇಲ್ಲಿ ಒಂದು ಹೆಸರಿಗೆ ಅರ್ಥ ಕೊಟ್ಟಿತು, ನಿಜ. ಆದರೆ ಅವರನ್ನು ಹುಡುಕಿದ್ದು ಆ ಅರಿವಲ್ಲ. ಹೋಟೆಲಿನ ವಾದ್ಯದವರು ಮುಖದ ಗುರುತು ಹಿಡಿದರು. ಸಂಸಾರದ ಕಥೆಯ ಬೆನ್ನು ಹತ್ತಿದವರು ಅಷ್ಟೂ ದಿನ ಸರ್ರೆಯಲ್ಲಿ ಹೆಣ ಹುಡುಕುತ್ತಿದ್ದರು. ಆ ದಿನಗಳ ಬಗ್ಗೆ ಕ್ರಿಸ್ಟಿ ತಮ್ಮ ಆತ್ಮಕಥೆಯಲ್ಲೂ ಬಾಯಿ ಬಿಡಲಿಲ್ಲ. ಹೇಳದೆ ಇರುವ ಹಕ್ಕು ಅವರಿಗಿತ್ತು ಎಂದೇ ನಾನು ತಿಳಿಯುತ್ತೇನೆ.

ನಮ್ಮ ನಾಡಿನಲ್ಲಿ ಈ ಮಾತು ಬಂದರೆ ಎಲ್ಲರ ನೆನಪಿಗೆ ಬರುವುದು ಕಾಫಿ ಡೇ ಕಟ್ಟಿದ ವಿ.ಜಿ. ಸಿದ್ಧಾರ್ಥ. 2019ರ ಜುಲೈ 29ರ ಸಂಜೆ ಮಂಗಳೂರಿನ ಹತ್ತಿರ ನೇತ್ರಾವತಿಯ ಉಳ್ಳಾಲ ಸೇತುವೆಯ ಬಳಿ ಅವರು ಕಾಣೆಯಾದರು. 31ರ ಬೆಳಿಗ್ಗೆ ಅವರ ಶವ ಸಿಕ್ಕಿತು. ನಡುವಿನ ಸಮಯದಲ್ಲಿ ಟಿ.ವಿ. ಮುಂದೆ ಕೂತ ನಾವೆಲ್ಲ ಲೆಕ್ಕಪರಿಶೋಧಕರಾದೆವು. ಸಾಲಗಾರರ ಒತ್ತಡ, ತೆರಿಗೆ ಇಲಾಖೆಯ ಕಾಟ ಎಂದೆಲ್ಲ ಹೇಳುವ ಪತ್ರವೊಂದು ಹೊರಬಂತು. ಅದರ ಸಹಿ ತನ್ನ ಕಡತದಲ್ಲಿರುವ ಸಹಿಗೆ ಹೊಂದುವುದಿಲ್ಲ ಎಂದು ಇಲಾಖೆ ಹೇಳಿತು. ಒಂದು ವರ್ಷದ ನಂತರ, ಕಂಪನಿಯ ಆಡಳಿತ ಮಂಡಳಿ ನೇಮಿಸಿದ ತನಿಖೆ, ಅವರ ಖಾಸಗಿ ಸಂಸ್ಥೆಯೊಂದರಿಂದ ಕಾಫಿ ಡೇಯ ಅಂಗಸಂಸ್ಥೆಗಳಿಗೆ 2,693 ಕೋಟಿ ರೂಪಾಯಿ ಬರಬೇಕಿದೆ ಎಂದು ಲೆಕ್ಕ ಕೊಟ್ಟಿತು. ಇಷ್ಟರ ಮೇಲೆ ಕಥೆ ಮುಗಿಯಿತು ಎಂದು ಬಹಳ ಜನ ಅಂದುಕೊಂಡರು. ಸಾಲ ಇತ್ತು, ಹೋದರು.

ಮುಗಿಯಿತೇ? 2019ರ ಆರಂಭದಲ್ಲಿ ಅವರು ಮೈಂಡ್‌ಟ್ರೀ ಎಂಬ ಸಾಫ್ಟ್‌ವೇರ್ ಕಂಪನಿಯಲ್ಲಿದ್ದ ತಮ್ಮ ಪಾಲನ್ನು ಎಲ್ ಅಂಡ್ ಟಿಗೆ ಮಾರಿದ್ದರು. ಜುಲೈ 28ರವರೆಗೆ ಆ ಮಾರಾಟವನ್ನು ಸಾಲದಿಂದ ಹೊರಬರುವ ದಾರಿ ಎಂದು ಓದಬಹುದಿತ್ತು. 29ರ ನಂತರ ಅದೇ ಮಾರಾಟ ಕುಸಿತದ ಸೂಚನೆಯಾಯಿತು. ಅಂಕಿ ಬದಲಾಗಲಿಲ್ಲ, ಓದುವವರ ಕಣ್ಣು ಬದಲಾಯಿತು. ಇನ್ನೂ ಒಂದು ಸಂಗತಿ. ಅವರೊಂದಿಗೆ ಆ ಸಾಲ ಮಾಯವಾಗಲಿಲ್ಲ. 2019ರಲ್ಲಿ 7,000 ಕೋಟಿ ದಾಟಿದ್ದ ಸಾಲವನ್ನು ಬೆಂಗಳೂರಿನ ಟೆಕ್ ಪಾರ್ಕ್ ಮಾರಿ, ಆಸ್ತಿ ಕರಗಿಸಿ, 2021ರ ಹೊತ್ತಿಗೆ 2,000 ಕೋಟಿಯೊಳಗೆ ಇಳಿಸಲಾಯಿತು. 2020ರ ಡಿಸೆಂಬರಿನಲ್ಲಿ ಅವರ ಪತ್ನಿ ಮಾಳವಿಕಾ ಹೆಗ್ಡೆ ಕಂಪನಿಯ ಚುಕ್ಕಾಣಿ ಹಿಡಿದರು. ಒಂದೇ ಸಾಲವನ್ನು ಒಬ್ಬರಿಗೆ ಹೊರಲಾಗಲಿಲ್ಲ, ಇನ್ನೊಬ್ಬರು ಹೊತ್ತು ನಿಂತರು ಎಂದಮೇಲೆ, ಒಬ್ಬ ಮನುಷ್ಯ ಏನು ಮಾಡಿಯಾನು ಎಂಬುದನ್ನು ಸಾಲದ ಮೊತ್ತ ಹೇಳುವುದಿಲ್ಲ. ಬಾಕಿ ಎಷ್ಟು ಎಂಬುದಷ್ಟೇ ಅದಕ್ಕೆ ಗೊತ್ತು.

ಇದೆಲ್ಲ ಲೆಕ್ಕಪತ್ರ ಉಳ್ಳವರ ಮಾತಾಯಿತು. ಕೂಲಿ ಮಾಡುವವನು ಕಾಣೆಯಾದರೆ ಯಾವ ಪಾಸ್‌ಬುಕ್ ನೋಡುವುದು? ಅವನ ಹಣಕಾಸು ಇರುವುದು ಕಿರಾಣಿ ಅಂಗಡಿಯ ಉದ್ದರಿ ಪುಸ್ತಕದಲ್ಲಿ, ಚೀಟಿ ನಡೆಸುವವರ ಡೈರಿಯಲ್ಲಿ, ಗಿರವಿ ಅಂಗಡಿಯ ರಸೀದಿಯಲ್ಲಿ, ಬಾಯಿಮಾತಿನ ಕೈಸಾಲದಲ್ಲಿ. ಸಂಘದ ಸಾಲವಾದರೆ ಜೊತೆಗಾರ್ತಿಯರಿಗೆ ಮನೆಯವರಿಗಿಂತ ಮೊದಲೇ ಗೊತ್ತಾಗುತ್ತದೆ, ಏಕೆಂದರೆ ತಪ್ಪಿದ ಕಂತನ್ನು ತುಂಬಿಕೊಡಬೇಕಾದವರು ಅವರೇ. ಈಚೆಗೆ ಮೊಬೈಲಿನ ಸಾಲದ ಆ್ಯಪ್‌ಗಳು ಸೇರಿವೆ. ಐದೋ ಹತ್ತೋ ಸಾವಿರದ ಸಾಲ, ಹೆಂಡತಿಗೂ ಗೊತ್ತಿಲ್ಲದ್ದು, ಫೋನಿನೊಳಗೆ ಬೆಳೆದಿರುತ್ತದೆ. ಇನ್ನೊಂದು ಕಡೆಯಿಂದ, ಯುಪಿಐ ಬಂದಮೇಲೆ ಹತ್ತು ರೂಪಾಯಿಯ ಚಹಾ ಕೂಡ ಯಾವ ಅಂಗಡಿಯಲ್ಲಿ, ಎಷ್ಟು ಗಂಟೆಗೆ ಕುಡಿದದ್ದು ಎಂದು ದಾಖಲಾಗುತ್ತಿದೆ. ಮೆಲ್ಬರ್ನ್‌ನ ಗುಮಾಸ್ತ ಮಾಡಿದ ಕೆಲಸವನ್ನು ಇವತ್ತು ಆ ಚಹಾ ಮಾಡಬಲ್ಲದು, ಪೊಲೀಸರು ಬೇಗ ಕೇಳಿದರೆ.

ಹೆಂಗಸರ ವಿಷಯ ಬೇರೆಯೇ. ಎಷ್ಟೋ ಮನೆಗಳಲ್ಲಿ ಖಾತೆ ಅವಳ ಹೆಸರಿನಲ್ಲಿ, ಎಟಿಎಂ ಕಾರ್ಡು ಗಂಡನ ಜೇಬಿನಲ್ಲಿ. ಅವಳು ಕಾಣೆಯಾದ ಮೇಲೆ ಆ ಖಾತೆ ನೋಡಿದರೆ ಕಾಣುವುದು ಅವನ ಓಡಾಟ. ಅವಳ ಕೈಯಲ್ಲಿದ್ದುದು ಸಾಸಿವೆ ಡಬ್ಬಿಯ ನೋಟು, ಅದಕ್ಕೆ ಲೆಕ್ಕವೇ ಇಲ್ಲ. ಲೆಕ್ಕ ಇಲ್ಲದಲ್ಲಿ ಚಾರಿತ್ರ್ಯ ಬಂದು ಕೂರುತ್ತದೆ. ಗಂಡಸು ಹೋದರೆ ಸಾಲ ಇತ್ತೇನೋ ಎನ್ನುವ ಊರು, ಹೆಂಗಸು ಹೋದರೆ ಯಾರ ಜೊತೆ ಎಂದು ಕೇಳುತ್ತದೆ. ಹೀಗೆ ಕೇಳಿದ ಗಳಿಗೆಯಿಂದ ಹುಡುಕಾಟ ಸಡಿಲಾಗುತ್ತದೆ. ಬಂದರೆ ಬರುತ್ತಾಳೆ ಎಂದು ಸುಮ್ಮನಾಗುವುದಕ್ಕೆ ಅದೊಂದು ನೆಪ. ಖಾಸಗಿ ಬದುಕಿನ ಬಗೆಗಿನ ಊಹೆ ಅತಿ ಹೆಚ್ಚು ಹಾನಿ ಮಾಡುವುದು ಇಲ್ಲಿ. ಹೊಡೆತ ತಾಳದೆ ತವರಿಗೂ ಹೇಳದೆ ಹೊರಟವಳು, ಬುದ್ಧಿ ಸ್ಥಿಮಿತ ತಪ್ಪಿ ರೈಲು ಹತ್ತಿದವಳು, ಮೋಸದಿಂದ ಮಾರಾಟವಾದವಳು, ಎಲ್ಲರಿಗೂ ಒಂದೇ ಷರಾ.

ನಮ್ಮ ಕಾನೂನು ಈ ವಿಷಯದಲ್ಲಿ ನಮಗಿಂತ ಸಭ್ಯ. 1872ರ ಸಾಕ್ಷ್ಯ ಅಧಿನಿಯಮದ 108ನೇ ಕಲಂ, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 111ನೇ ಕಲಂ, ಕಾಣೆಯಾದವರು ಸತ್ತಿದ್ದಾರೆಂದು ಭಾವಿಸುವ ಮುನ್ನ ಕೇಳುವುದು ಒಂದನ್ನೇ: ಬದುಕಿದ್ದರೆ ಸಹಜವಾಗಿ ಯಾರಿಗೆ ಸುದ್ದಿ ಮುಟ್ಟಬೇಕಿತ್ತೋ ಅವರಿಗೆ ಏಳು ವರ್ಷ ಸುದ್ದಿ ಬಂದಿದೆಯೇ? ಸಾಲ ಇತ್ತೇ, ಸಂಬಂಧ ಇತ್ತೇ ಎಂಬ ಮಾತು ಅದರಲ್ಲಿಲ್ಲ. ಅದು ಎಣಿಸುವುದು ಹೋದ ನಂತರದ ಮೌನವನ್ನು.

ಆದರೆ ಆ ಏಳು ವರ್ಷ ಮನೆಯವರಿಗೆ ನರಕ. ಎರಡು ವರ್ಷ ವಹಿವಾಟಿಲ್ಲದಿದ್ದರೆ ಬ್ಯಾಂಕ್ ಖಾತೆ ನಿಷ್ಕ್ರಿಯವಾಗುತ್ತದೆ. ಹತ್ತು ವರ್ಷ ಯಾರೂ ಕೇಳದಿದ್ದರೆ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ, ಆಮೇಲೂ ಕೇಳಿ ಪಡೆಯಬಹುದು. ಇದಕ್ಕಿಂತ ಕಠಿಣವಾದದ್ದು ವಿಮೆ. ಏಳು ವರ್ಷ ತುಂಬಿದರೆ ಸತ್ತಿದ್ದಾನೆಂದು ಭಾವಿಸಬಹುದೇ ಹೊರತು ಯಾವತ್ತು ಸತ್ತ ಎಂದು ಭಾವಿಸಲಾಗದು ಎಂದು 2004ರಲ್ಲಿ ಜೀವ ವಿಮಾ ನಿಗಮದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಾಗಾಗಿ ನಡುವೆ ಕಂತು ನಿಂತಿದ್ದರೆ ಪಾಲಿಸಿ ಬಿದ್ದುಹೋದಂತೆ, ಪೂರ್ತಿ ಮೊತ್ತ ಸಿಗದು. ದುಡಿಯುವವನೇ ಹೋದ ಮನೆ ಅವನ ಹೆಸರಿನ ಕಂತನ್ನು ಏಳು ವರ್ಷ ಕಟ್ಟಬೇಕು. ಸಣ್ಣ ಮೊತ್ತದ ಠೇವಣಿಯ ವಿಷಯದಲ್ಲಿ ರಿಸರ್ವ್ ಬ್ಯಾಂಕ್ 2008ರಲ್ಲಿ ಒಂದು ಸಡಿಲಿಕೆ ಕೊಟ್ಟಿದೆ. ಎಫ್‌ಐಆರ್, ಪತ್ತೆಯಾಗಿಲ್ಲ ಎಂಬ ಪೊಲೀಸ್ ವರದಿ ಮತ್ತು ಮುಚ್ಚಳಿಕೆ ಪಡೆದು, ಪ್ರತಿ ಬ್ಯಾಂಕೂ ತಾನು ಗೊತ್ತುಮಾಡಿದ ಮಿತಿಯೊಳಗೆ ಹಣ ಕೊಡಬಹುದು. ಇದನ್ನು ಕೇಳಿ ಪಡೆಯಬಹುದೆಂದು ಎಷ್ಟೋ ಮನೆಗಳಿಗೆ ಗೊತ್ತೇ ಇರುವುದಿಲ್ಲ.

ಆದ್ದರಿಂದ ಇಂಥ ಕಷ್ಟ ಬಂದವರು ಠಾಣೆಗೆ ಹೋಗುವಾಗ ಫೋಟೊ ಜೊತೆಗೆ ಬ್ಯಾಂಕ್ ಶಾಖೆಯ ಹೆಸರು, ಖಾತೆಯ ಸಂಖ್ಯೆ, ಯುಪಿಐ ಇರುವ ಮೊಬೈಲ್ ನಂಬರನ್ನೂ ಬರೆದುಕೊಂಡು ಹೋಗಿ, ಹೋದ ದಿನದಿಂದ ಈಚಿನ ವಹಿವಾಟನ್ನು ಅಂದೇ ತರಿಸಿ ನೋಡಿ ಎಂದು ಕೇಳಿ. ದೂರಿನ ಪ್ರತಿಯನ್ನು ಜೋಪಾನ ಮಾಡಿ. ಆಗುವುದಾದರೆ ವಿಮೆಯ ಕಂತು ನಿಲ್ಲಿಸಬೇಡಿ. ನೀವು ಪಕ್ಕದ ಮನೆಯವರಾಗಿದ್ದರೆ ಸಾಲ ಎಷ್ಟಿತ್ತು, ಸಂಬಂಧ ಯಾರ ಜೊತೆಗಿತ್ತು ಎಂದು ಮಾತು ಬೆಳೆಸಬೇಡಿ. ಅವರನ್ನು ಕೊನೆಯ ಸಲ ಎಲ್ಲಿ, ಎಷ್ಟು ಹೊತ್ತಿಗೆ ಕಂಡಿರಿ ಎಂಬುದನ್ನು ಠಾಣೆಗೆ ಹೋಗಿ ಹೇಳಿ ಬನ್ನಿ.