ಹೊಟ್ಟೆ ತುಂಬಿದರೆ ಸಾಕೆ?

'ಊಟ, ಬಟ್ಟೆಗೆ ಕಡಿಮೆ ಮಾಡಿಲ್ಲವಲ್ಲ, ಮಗುವಿಗೆ ಇನ್ನೇನು ಬೇಕು?' ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ರುಮೇನಿಯಾದಲ್ಲಿ ಚೌಷೆಸ್ಕು 1966ರಲ್ಲಿ ಗರ್ಭಪಾತವನ್ನು ಬಹುಮಟ್ಟಿಗೆ ನಿಷೇಧಿಸಿದ. ಹೆತ್ತವರು ಸಾಕಲಾಗದ ಮಕ್ಕಳಿಂದ ಸರ್ಕಾರಿ ಅನಾಥಾಲಯಗಳು ತುಂಬಿದವು. ಅಲ್ಲಿ ಸಾಲುಸಾಲು ತೊಟ್ಟಿಲುಗಳಿದ್ದವು. ಅತ್ತರೆ ಎತ್ತಿಕೊಳ್ಳುವವರು ಕಡಿಮೆ. 2000ದ ಸುಮಾರಿಗೆ ಚಾರ್ಲ್ಸ್ ನೆಲ್ಸನ್ ಮತ್ತು ಸಂಗಡಿಗರು ಬುಕಾರೆಸ್ಟ್‌ನ ಇಂಥ 136 ಮಕ್ಕಳನ್ನು ಪರೀಕ್ಷಿಸಿ, ಚೀಟಿ ಎತ್ತಿದಂತೆ ಅರ್ಧದಷ್ಟು ಮಕ್ಕಳನ್ನು ಸಾಕು ಕುಟುಂಬಗಳಿಗೆ ಕಳಿಸಿದರು. ಅನಾಥಾಲಯದ ಮಕ್ಕಳ ಮಿದುಳಿನ ವಿದ್ಯುತ್ ಚಟುವಟಿಕೆ ಮನೆಗಳಲ್ಲಿ ಬೆಳೆದವರಿಗಿಂತ ಮಂದವಾಗಿತ್ತು. ಬುದ್ಧಿಮತ್ತೆ ಕುಗ್ಗಿತ್ತು, ಆತಂಕ, ಖಿನ್ನತೆಗಳು ಹೆಚ್ಚಿದ್ದವು. ಎರಡು ವರ್ಷ ತುಂಬುವ ಮೊದಲೇ ಕುಟುಂಬ ಸೇರಿದವರು ಹೆಚ್ಚು ಚೇತರಿಸಿಕೊಂಡರು.

ಪರದೇಶದ ಕತೆಯೆಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ನಮ್ಮ 2015ರ ಬಾಲನ್ಯಾಯ ಕಾಯ್ದೆಯೂ ಸಾಕು ಕುಟುಂಬಕ್ಕೆ ಅವಕಾಶ ಕೊಟ್ಟಿದೆ. ಆದರೆ ನಮ್ಮ ದಾನಬುದ್ಧಿ ಹರಿಯುವುದು ಅನಾಥಾಶ್ರಮದ ಕಟ್ಟಡಕ್ಕೆ, ಹುಟ್ಟುಹಬ್ಬದಂದು ಅಲ್ಲಿ ಹಾಕಿಸುವ ಊಟಕ್ಕೆ. ಅದು ಕೆಟ್ಟ ಕೆಲಸವಲ್ಲ. ಆದರೆ ಹೋಳಿಗೆ ಬಡಿಸಿದವರು ಮರುದಿನ ಬರುವುದಿಲ್ಲ. ಮಗುವಿಗೆ ಬೇಕಾದ್ದು ನಾಳೆಯೂ ನಾಡಿದ್ದೂ ಕಾಣುವ ಅದೇ ಮುಖ. ಅದನ್ನು ಕಾಲ ಮೀರುವ ಮುನ್ನ ಒದಗಿಸದ ಏರ್ಪಾಡನ್ನು ಸೇವೆಯೆಂದು ಕರೆಯಲು ನಾನು ತಯಾರಿಲ್ಲ.